ಆಸ್ಪತ್ರೆ ಬಿಲ್ ಯಾಕೆ ಇಷ್ಟು ಜಾಸ್ತಿ? ಸರ್ಕಾರ ದರ ಕಟ್ಟಿಹಾಕಿದರೆ ಕಡಿಮೆಯಾಗುತ್ತಾ?

ಕಡಿಮೆಯಾಗುತ್ತದೆ, ಆದರೆ ಕಟ್ಟಿಹಾಕಿದ ವಸ್ತುವಿನದ್ದು ಮಾತ್ರ. ಹೃದಯದ ಸ್ಟೆಂಟ್, ಅಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅದರ ಕಥೆಯನ್ನೇ ನೋಡಿ.

2017ರ ಫೆಬ್ರವರಿಗೆ ಮೊದಲು ಔಷಧ ಲೇಪಿತ ಸ್ಟೆಂಟ್‌ಗೆ ರೋಗಿಗಳು ಲಕ್ಷ ರೂಪಾಯಿಗೂ ಮೇಲೆ ಕೊಡುತ್ತಿದ್ದರು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದನ್ನು ತೆರಿಗೆ ಬಿಟ್ಟು 29,600 ರೂಪಾಯಿಗೆ ಇಳಿಸಿತು. ಲೇಪನವಿಲ್ಲದ ಲೋಹದ ಸ್ಟೆಂಟ್‌ಗೆ 7,260. ಅದೇ ಸ್ಟೆಂಟ್, ಅದೇ ಆಪರೇಷನ್! ಹಾಗಾದರೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತಿತ್ತು? ಕಂಪನಿ, ವಿತರಕರು, ಆಸ್ಪತ್ರೆ, ಮೂವರಿಗೂ ಪಾಲಿತ್ತು. ದೊಡ್ಡ ಪಾಲು ಆಸ್ಪತ್ರೆಗಳದ್ದೇ.

ಇದು ನಡೆಯುವುದಕ್ಕೆ ಕಾರಣ ಸರಳ. ಎದೆ ಹಿಡಿದುಕೊಂಡು ಮಲಗಿದವನು ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡೋಕಾಗಲ್ಲ, ಅಲ್ವಾ? ಯಾವ ಸ್ಟೆಂಟ್ ಬೇಕು ಅಂತ ಆರಿಸುವವರು ಡಾಕ್ಟರು, ಮಾರುವುದು ಆಸ್ಪತ್ರೆ, ದುಡ್ಡು ಕೊಡುವುದು ಮನೆಯವರು. ದರ ಜಾಸ್ತಿಯಾದಷ್ಟೂ ಮಾರುವವರಿಗೇ ಲಾಭ.

ಮಿತಿ ಬಂದ ಮೇಲೆ ಕೆಲವು ಆಸ್ಪತ್ರೆಗಳು ಬೇರೆ ಶುಲ್ಕ ಏರಿಸಿದವು ಎಂಬ ದೂರುಗಳು ಬಂದವು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಬಲೂನಿನ ಹಾಗೆ. ಅದೇ ವರ್ಷ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆಯನ್ನು ಬಿಗಿ ಮಾಡಲು ಹೊರಟಾಗ ನವೆಂಬರ್‌ನಲ್ಲಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಮಸೂದೆ ಮೆದುವಾಗಿಯೇ ಪಾಸಾಯಿತು.

ನನ್ನ ಪ್ರಕಾರ ಸ್ಟೆಂಟ್, ಕೃತಕ ಮಂಡಿ ಕೀಲಿನಂಥ ವಸ್ತುಗಳಿಗೆ ದರ ಮಿತಿ ಇರಲೇಬೇಕು. ಡಾಕ್ಟರ ಫೀಸಿಗೆ ಎಲ್ಲ ಊರಿಗೂ ಒಂದೇ ದರ ಅನ್ನುವುದು ಕಷ್ಟ, ಬೆಂಗಳೂರಿನ ಬಾಡಿಗೆ ಬೇರೆ, ಯಾದಗಿರಿಯದ್ದು ಬೇರೆ. ಊರಲ್ಲಿ ಸರ್ಕಾರಿ ಆಸ್ಪತ್ರೆ ಚೆನ್ನಾಗಿದ್ದರೆ ಖಾಸಗಿಯವರು ತಾವಾಗಿಯೇ ದರ ಇಳಿಸುತ್ತಾರೆ.