ತೋಟಗಳಿಗೆ ಕನ್ಸಲ್ಟೆಂಟ್ ಆಗಿ ಹೋಗುವವರ ಚೀಲದಲ್ಲಿ ಏನೇನು ಇರಬೇಕು?

ನೀವು ತೋಟಗಾರಿಕೆ ಓದಿ, ಗೊಬ್ಬರದ ಕಂಪನಿಯಲ್ಲಿ ಕೆಲಸ ಮಾಡಿ, ಈಗ ಶಿವಮೊಗ್ಗ, ಚಿತ್ರದುರ್ಗ ಕಡೆ ಸ್ವಂತವಾಗಿ ತೋಟಗಳಿಗೆ ಸಲಹೆ ಕೊಡಲು ಹೊರಟಿದ್ದೀರಿ. ಅಡಿಕೆ, ಶುಂಠಿ, ಬಾಳೆ, ದಾಳಿಂಬೆ ಅಂತ ಬರೆದಿದ್ದೀರಿ. ದಿನನಿತ್ಯಕ್ಕೆ ಯಾವ ಸಾಮಾನು ಬೇಕು, ಡ್ರೋನ್ ಮತ್ತು ಎನ್‌ಪಿಕೆ ಸೆನ್ಸರ್ ಕೊಳ್ಳಬೇಕಾ, ಓಡಾಡಲು ಬೈಕ್ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ. ನಾನೂ ಇದೇ ಭಾಗದಲ್ಲಿ ಇದೇ ಕೆಲಸ ಮಾಡುತ್ತೇನೆ. ನನ್ನ ಚೀಲದಲ್ಲಿ ಇರುವುದನ್ನೇ ಹೇಳುತ್ತೇನೆ.

ಮೊದಲ ದುಡ್ಡನ್ನು ನೆಲದೊಳಗೆ ನೋಡುವ ಸಾಮಾನಿಗೆ ಹಾಕಿ. ಎಲೆ ಹಳದಿಯಾಗಿದೆ ಅನ್ನುವುದು ತೋಟದವರಿಗೆ ಆಗಲೇ ಗೊತ್ತು. ಅವರು ದಿನಾ ನೋಡುತ್ತಾರೆ. ಯಾಕೆ ಹಾಗಾಯಿತು ಅಂತ ತಿಳಿಯಲು ನಿಮ್ಮನ್ನು ಕರೆದಿರುತ್ತಾರೆ. ಅಡಿಕೆಯಲ್ಲೇ ನೋಡಿ. ಬಸಿಗಾಲುವೆ ಹೂಳು ತುಂಬಿ ಬೇರಿನ ಹತ್ತಿರ ನೀರು ನಿಂತಿದ್ದರೂ ಸೋಗೆ ಹಳದಿಯಾಗುತ್ತದೆ. ಬೇರುಹುಳು ಬೇರು ತಿಂದಿದ್ದರೂ ಅಷ್ಟೇ. ಪೋಷಕಾಂಶ ಕಮ್ಮಿಯಾದರೂ ಅಷ್ಟೇ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಕಾಡುತ್ತಿರುವ ಹಳದಿ ಎಲೆ ರೋಗವೂ ಇರಬಹುದು. ರಸ್ತೆಯಲ್ಲಿ ನಿಂತು ನೋಡಿದರೆ ನಾಲ್ಕೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಒಂದಕ್ಕೆ ಕಾಲುವೆ ತೆಗೆಸಬೇಕು, ಇನ್ನೊಂದಕ್ಕೆ ಹುಳುವಿಗೆ ಔಷಧಿ ಹಾಕಬೇಕು. ಅಗೆಯದೆ ಹೇಳಿದ್ದು ಬರೀ ಊಹೆ. ಆ ಊಹೆಗೆ ದುಡ್ಡು ಕೊಡುವವರು ಅವರು.

ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಗಿಡ್ಡ ಹಿಡಿಯ ಸಣ್ಣ ಪಿಕಾಸಿ. ಮಣ್ಣು ಕೊರೆಯುವ ಆಗರ್ ನೋಡಲು ಚೆನ್ನಾಗಿದೆ, ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಅದು ಅರ್ಧಕ್ಕೇ ನಿಂತುಬಿಡುತ್ತದೆ. ಪಿಕಾಸಿ ಎಲ್ಲ ಕಡೆಗೂ ಆಗುತ್ತದೆ, ಗುಂಡಿ ತೆಗೆದರೆ ಬೇರೂ ಕಾಣುತ್ತದೆ. ದಾಳಿಂಬೆ, ಕಾಳುಮೆಣಸಿನ ಬೇರಿನಲ್ಲಿ ಜಂತುಹುಳುವಿನ (ನೆಮಟೋಡ್) ಗಂಟು ಇದೆಯಾ ಅನ್ನುವುದು ಆಗರ್‌ನಿಂದ ಸರಿಯಾಗಿ ತಿಳಿಯುವುದಿಲ್ಲ.

ಮಣ್ಣು ತೆಗೆಯಲು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಳ್ಳಿ. ಸತುವಿನ ಲೇಪ ಇರುವ ತಗಡಿನ ಬಕೆಟ್ ಬೇಡ. ಅದರ ಸತು ಮಣ್ಣಿಗೆ ಸೇರಿದರೆ ಲ್ಯಾಬಿನ ವರದಿಯಲ್ಲಿ ಜಿಂಕ್ ಸುಮ್ನೆ ಜಾಸ್ತಿ ಕಾಣುತ್ತದೆ. ವಾರ್ಷಿಕ ಬೆಳೆಗೆ 15 ಸೆಂಟಿಮೀಟರ್ ಆಳದ ಮಣ್ಣು ಸಾಕು. ತೋಟಕ್ಕೆ 30 ಸೆಂಟಿಮೀಟರ್‌ವರೆಗಿನದು ಒಂದು, 30ರಿಂದ 60ರವರೆಗಿನದು ಇನ್ನೊಂದು ಅಂತ ಬೇರೆ ಬೇರೆ ತೆಗೆಯಿರಿ. ಎಲ್ಲ ಗುಂಡಿಗಳ ಮಣ್ಣು ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೇ ಮಾಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ. ಹೆಸರು, ಸರ್ವೆ ನಂಬರ್, ಆಳ ಬರೆದ ಚೀಟಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಲದೊಳಗೆ ಇಡಿ. ಚೀಟಿ ಬರೆಯಲು ಪೆನ್ಸಿಲ್ ಇರಲಿ. ಮಳೆಗಾಲದಲ್ಲಿ ಪೆನ್ನಿನ ಅಕ್ಷರ ಹರಡಿ ಹೋಗುತ್ತದೆ.

ಆಮೇಲೆ ಮಣ್ಣು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಮೀಟರ್. ಇಲ್ಲಿ ಜಿಪುಣತನ ಬೇಡ. ಮಣ್ಣಿಗೆ ಚುಚ್ಚಿದರೆ ಮುಳ್ಳು ಆಡುವ, ಬ್ಯಾಟರಿಯೇ ಇಲ್ಲದ ಮೀಟರ್‌ಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವುಗಳನ್ನು ನಂಬಿ ಸುಣ್ಣ ಹಾಕಿಸಬೇಡಿ. ಗಾಜಿನ ಎಲೆಕ್ಟ್ರೋಡ್ ಇರುವ, ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಬಹುದಾದ ಪೆನ್ ಥರದ್ದು ತಗೊಳ್ಳಿ. 4 ಮತ್ತು 7ರ ಬಫರ್ ಮಲೆನಾಡಿನ ಹುಳಿ ಮಣ್ಣಿಗೆ ಸಾಕು. ಚಿತ್ರದುರ್ಗದ ಕಡೆ ಕ್ಷಾರ ಮಣ್ಣು ಸಿಗುವುದರಿಂದ 10ರದ್ದೂ ಬೇಕು. 20 ಗ್ರಾಂ ಮಣ್ಣಿಗೆ 50 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ಕಲಕಿ ನೋಡುವುದು ಕ್ರಮ. ಗ್ರಾಂ ತೂಗುವ ಪುಟ್ಟ ತಕ್ಕಡಿ ಇದಕ್ಕೇ ಬೇಕು. ಎಲೆಕ್ಟ್ರೋಡ್ ಒಣಗಲು ಬಿಡಬೇಡಿ. ಅದರ ಜೊತೆ ಬರುವ ಉಪ್ಪಿನ ದ್ರಾವಣವನ್ನು ಎರಡು ಹನಿ ಮುಚ್ಚಳದಲ್ಲಿ ಹಾಕಿಡಿ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿಟ್ಟರೆ ಅದು ಬೇಗ ಹಾಳಾಗುತ್ತದೆ.

ನೀವು ಕೇಳಿದ ಎನ್‌ಪಿಕೆ ಸೆನ್ಸರ್ ಕೊಳ್ಳಬೇಡಿ. ನೆಲಕ್ಕೆ ಚುಚ್ಚುವ ಆ ಅಗ್ಗದ ಕಡ್ಡಿಗಳು ಸಾರಜನಕ, ರಂಜಕ, ಪೊಟ್ಯಾಷನ್ನು ಬೇರೆ ಬೇರೆಯಾಗಿ ಅಳೆಯುವುದಿಲ್ಲ. ಮಣ್ಣಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಅದರಿಂದ ಲೆಕ್ಕ ಕಟ್ಟಿ ಮೂರು ಅಂಕಿ ತೋರಿಸುತ್ತವೆ. ಆ ದುಡ್ಡಿನಲ್ಲಿ ಲ್ಯಾಬ್ ಪರೀಕ್ಷೆ ಮಾಡಿಸಿ. ಮೊದಲು ರೈತರ ಹತ್ತಿರ ಮಣ್ಣು ಆರೋಗ್ಯ ಚೀಟಿ ಇದೆಯಾ ಕೇಳಿ. 2015ರಲ್ಲಿ ಶುರುವಾದ ಆ ಯೋಜನೆಯ ಚೀಟಿಯಲ್ಲಿ ಪಿಎಚ್, ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ), ಸಾವಯವ ಇಂಗಾಲ, ಜಿಂಕ್, ಬೋರಾನ್ ಸೇರಿ 12 ಅಂಶ ಇರುತ್ತವೆ. ಎಷ್ಟೋ ಮನೆಗಳಲ್ಲಿ ಅದು ಬೀರುವಿನಲ್ಲಿ ಹಾಗೇ ಬಿದ್ದಿರುತ್ತದೆ, ಬಿಡಿಸಿ ಹೇಳಿದವರೇ ಇರುವುದಿಲ್ಲ. ಅದನ್ನು ಕೂತು ಓದಿ ಹೇಳುವುದೇ ದೊಡ್ಡ ಸಹಾಯ.

ನೀರಿಗೆ ಇಸಿ ಮೀಟರ್ ಬೇಕು. ಅಂಗಡಿಯಲ್ಲಿ ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಕೊಡುತ್ತಾರೆ. ಅದೂ ಅಳೆಯುವುದು ಇಸಿಯನ್ನೇ, ಆಮೇಲೆ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಆ ಸಂಖ್ಯೆ ಒಂದೊಂದು ಮೀಟರ್‌ನಲ್ಲಿ ಒಂದೊಂದು ಇರುವುದರಿಂದ ಹೋಲಿಸಲು ತೊಂದರೆ. ಇಸಿಯಲ್ಲೇ ಬರೆದುಕೊಳ್ಳಿ. ಬೋರಿನ ನೀರು 0.7ರ ಒಳಗಿದ್ದರೆ ಉಪ್ಪಿನ ಚಿಂತೆ ಇಲ್ಲ, 3 ದಾಟಿದರೆ ತುಂಬಾ ಹುಷಾರಾಗಿರಬೇಕು. ಇಲ್ಲಿ ಮೀಟರಿಗೆ ಇಷ್ಟು ಡೆಸಿ ಸೀಮೆನ್ಸ್ (dS/m) ಅನ್ನುವ ಲೆಕ್ಕ ಹೇಳುತ್ತಿದ್ದೇನೆ. ಬಯಲುಸೀಮೆಗೆ ಇನ್ನೊಂದು ಪುಟ್ಟ ಸಾಮಾನು ಇದೆ: ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಾಟಲಿ. ಮಣ್ಣಿನ ಮೇಲೆ ಒಂದು ಹನಿ ಬಿಟ್ಟಾಗ ಬುಸ್ ಅಂತ ನೊರೆ ಬಂದರೆ ಅಲ್ಲಿ ಸುಣ್ಣ ಇದೆ. ಚಿಗುರೆಲೆ ಬಿಳಿಚಿಕೊಂಡಿರುವುದು ಕಬ್ಬಿಣ ಸಿಗದೆ ಇರಬಹುದು ಅನ್ನುವ ಅನುಮಾನಕ್ಕೆ ಅದು ಒಳ್ಳೆಯ ಸುಳಿವು. ಬಾಟಲಿಯ ಮೇಲೆ ಆಮ್ಲ ಅಂತ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಡ್ರಿಪ್ ನೋಡಲು ಅಳತೆಯ ಜಾಡಿ ಒಂದು, ಫೋನಿನ ಸ್ಟಾಪ್‌ವಾಚ್ ಒಂದು ಸಾಕು. ಗಂಟೆಗೆ 4 ಲೀಟರ್ ಕೊಡಬೇಕಾದ ಡ್ರಿಪ್ಪರ್ ಒಂದು ನಿಮಿಷಕ್ಕೆ ಸುಮಾರು 67 ಮಿ.ಲೀ. ಬಿಡಬೇಕು. ಲೈನಿನ ತಲೆಯಲ್ಲಿ, ನಡುವೆ, ಕೊನೆಯಲ್ಲಿ ಹಿಡಿದು ನೋಡಿ. ಕೊನೆಯ ಸಾಲಿನ ಗಿಡ ಸೊರಗಿದೆ ಅಂತ ಗೊಬ್ಬರ ಹಾಕುತ್ತಿರುತ್ತಾರೆ, ಅಲ್ಲಿಗೆ ನೀರೇ ಸರಿಯಾಗಿ ತಲುಪುತ್ತಿರುವುದಿಲ್ಲ. ಈ ಒಂದು ಪರೀಕ್ಷೆ ತೋಟದವರ ಎದುರೇ ಮಾಡಿ. ಬೇರೆ ವಿವರಣೆಯೇ ಬೇಡ.

ಇನ್ನು ಕಣ್ಣಿಗೆ ಬೇಕಾದವು. 10 ಪಟ್ಟು ದೊಡ್ಡದು ಮಾಡುವ ಕೈ ಮಸೂರವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಒಂದು ಬಿಳಿ ಹಾಳೆ ಇರಲಿ. ಚಿಗುರನ್ನು ಅದರ ಮೇಲೆ ತಟ್ಟಿದರೆ ಥ್ರಿಪ್ಸ್, ಮೈಟ್ ಥರದ ಸಣ್ಣ ಹುಳುಗಳು ಉದುರಿ ಓಡಾಡುತ್ತವೆ. ಅಡಿಕೆಗೆ ಬೈನಾಕ್ಯುಲರ್ ಬೇಕೇ ಬೇಕು. ಇದನ್ನು ಯಾರೂ ಹೇಳುವುದಿಲ್ಲ. ಕಾಯಿಯ ಕೊಳೆ ರೋಗ, ಎಲೆಚುಕ್ಕೆ, ಹಿಂಗಾರ ಒಣಗುವುದು ಎಲ್ಲ ಮೇಲೆ ತಲೆಯಲ್ಲಿ. ಪ್ರತಿ ಸಲ ಮರ ಹತ್ತಿಸಲು ಆಳು ಸಿಗುವುದಿಲ್ಲ. 8 ಪಟ್ಟಿನ ಸಾಧಾರಣ ಬೈನಾಕ್ಯುಲರ್‌ನಲ್ಲಿ ಗೊನೆ, ಸೋಗೆಯ ಚುಕ್ಕೆ ಚೆನ್ನಾಗಿ ಕಾಣುತ್ತದೆ. ಶುಂಠಿಗೆ ಗಾಜಿನ ಲೋಟ. ಬಾಡಿದ ಗಿಡದ ದಂಟು ಕತ್ತರಿಸಿ ತಿಳಿನೀರಿನಲ್ಲಿ ತುದಿ ಮುಳುಗಿಸಿ ಹಿಡಿದಾಗ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಇಳಿಯದಿದ್ದರೆ ಶಿಲೀಂಧ್ರದ ಗಡ್ಡೆಕೊಳೆಯ ಕಡೆ ನೋಡಬೇಕು. ಎರಡಕ್ಕೂ ಔಷಧಿ ಬೇರೆ.

ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಪಿಎಚ್ ಪಟ್ಟಿ ಒಂದಷ್ಟು ಇಟ್ಟುಕೊಂಡು ಹೋಗಿ. 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳತಾಗಿದ್ದರೆ ಅದೇ ತೂಕದಲ್ಲಿ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ. ಪಟ್ಟಿ ಮುಗಿದಿದ್ದರೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ನಾವು ರೋಗದ ತೋಟದಿಂದ ಆರೋಗ್ಯದ ತೋಟಕ್ಕೆ ಹೋಗುವವರು. ದಾಳಿಂಬೆಯ ಅಂಗಮಾರಿ ರೋಗ ಕತ್ತರಿಯಲ್ಲಿ ಹರಡುತ್ತದೆ. ಬಾಳೆಯ ಪನಾಮ ಸೊರಗು, ಶುಂಠಿಯ ರೋಗ, ಬೇರಿನ ಜಂತುಹುಳು ಇವೆಲ್ಲ ಬೂಟಿಗೆ ಅಂಟಿದ ಮಣ್ಣಿನಲ್ಲಿ ಹೋಗುತ್ತವೆ. ನಂಜನಗೂಡಿನ ರಸಬಾಳೆ ಅಪರೂಪ ಆಗಿದ್ದಕ್ಕೆ ಪನಾಮ ರೋಗವೂ ಒಂದು ಮುಖ್ಯ ಕಾರಣ. ಅದರ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲೇ ಕೂತಿರುತ್ತದೆ. ಹಾಗಾಗಿ ಬಟ್ಟೆಯ ಶೂ ಬಿಟ್ಟು ಗಂಬೂಟು ಹಾಕಿ, ತೊಳೆಯಲು ಸುಲಭ. ಗಟ್ಟಿ ಬ್ರಷ್, ನೀರಿನ ಕ್ಯಾನ್, ಶೇ. 70ರ ಆಲ್ಕೋಹಾಲ್ ತುಂಬಿದ ಸ್ಪ್ರೇ ಬಾಟಲಿ ಯಾವಾಗಲೂ ಜೊತೆಗಿರಲಿ. ಮೊದಲು ಮಣ್ಣು ಉಜ್ಜಿ ತೆಗೆಯಿರಿ, ಆಮೇಲೆ ಸ್ಪ್ರೇ. ಮಣ್ಣಿನ ಮೇಲೆಯೇ ಹೊಡೆದರೆ ಪ್ರಯೋಜನ ಇಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನೂ ಆಲ್ಕೋಹಾಲಿನಿಂದ ಒರೆಸಿ. ತೋಟದ ಗೇಟಿನಲ್ಲಿ ನಿಂತು ಬೂಟು ತೊಳೆಯುವುದನ್ನು ನೋಡಿದ ಮೇಲೆ ತಮ್ಮ ಕೆಲಸದವರಿಗೂ ಅದನ್ನೇ ಹೇಳಿದ ಮನೆಗಳು ನನಗೆ ಗೊತ್ತು.

ಬರೆದು ಕೊಡಲು ಕಾರ್ಬನ್ ಹಾಳೆಯ ಡೂಪ್ಲಿಕೇಟ್ ಬುಕ್ ಸಾಕು. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಔಷಧಿಯ ಕಂಪನಿ ಹೆಸರು ಬೇಡ, ರಾಸಾಯನಿಕದ ಹೆಸರು ಬರೆಯಿರಿ. ಲೀಟರಿಗೆ ಇಷ್ಟು ಅನ್ನುವುದರ ಜೊತೆ 200 ಲೀಟರಿನ ಬ್ಯಾರೆಲ್‌ಗೆ ಇಷ್ಟು ಅಂತಲೂ ಬರೆಯಿರಿ, ಯಾಕೆಂದರೆ ಅವರು ಕಲಸುವುದು ಬ್ಯಾರೆಲ್‌ನಲ್ಲಿ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅನ್ನುವುದನ್ನು ಮರೆಯಬೇಡಿ. ಫೋನಿನಲ್ಲಿ ದಿನಾಂಕ, ಜಾಗ ಮೂಡುವ ಹಾಗೆ ಫೋಟೊ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ಸರ್ವೆ ನಂಬರ್ ನೋಡಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ನಿಂತಲ್ಲೇ ನಂಬರ್ ಸಿಗುತ್ತದೆ, ಒಂದೇ ಮನೆಯ ಎರಡು ತುಂಡು ಜಮೀನಿನ ವರದಿ ಅದಲು ಬದಲಾಗುವುದಿಲ್ಲ.

ಡ್ರೋನ್ ಈಗ ಬೇಡ. ಎರಡು, ಮೂರು ಎಕರೆಯ ತೋಟವನ್ನು ನಡೆದೇ ನೋಡಬಹುದು, ನಡೆದರೆ ಮಾತ್ರ ಬಸಿಗಾಲುವೆ ಕಣ್ಣಿಗೆ ಬೀಳುತ್ತದೆ. ದಾಳಿಂಬೆ ಕೆಲಸ ಜಾಸ್ತಿಯಾದರೆ ಹಣ್ಣಿನ ಸಿಹಿ ನೋಡುವ ಬ್ರಿಕ್ಸ್ ಮೀಟರ್ ಆಗ ತಗೊಳ್ಳಿ.

ಬೈಕ್ ಧಾರಾಳವಾಗಿ ಸಾಕು. ಮಳೆಗಾಲದ ತೋಟದ ದಾರಿಗೆ ಕಾರಿಗಿಂತ ವಾಸಿ. ಹಿಂದೆ ಬೀಗ ಹಾಕುವ ಬಾಕ್ಸ್ ಹಾಕಿಸಿ, ಬ್ರಷ್, ನೀರಿನ ಕ್ಯಾನ್, ಮಣ್ಣಿನ ಚೀಲಗಳು ಅದರಲ್ಲಿರಲಿ. ಮೀಟರ್, ಬಫರ್ ಮಾತ್ರ ಹೆಗಲ ಚೀಲದಲ್ಲಿ ಇಟ್ಟುಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ನಿಂತ ಬೈಕಿನ ಬಾಕ್ಸ್‌ನಲ್ಲಿ ಅವು ಉಳಿಯುವುದಿಲ್ಲ.