ಆರೋಗ್ಯದ ಕೋಚಿಂಗ್ ಆ್ಯಪ್ ಹಾಕಿಕೊಂಡವರು ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಡಿಸೈನ್‌ನಲ್ಲಿ ಏನು ಬದಲಿಸಬೇಕು?

ಮಂಗಳೂರಿನಲ್ಲಿ ಶುಗರ್, ಬಿಪಿ ಇರುವವರಿಗಾಗಿ ಆ್ಯಪ್ ಮಾಡಿದ್ದೇವೆ, ಡೌನ್‌ಲೋಡ್ ಚೆನ್ನಾಗಿದೆ, ಆದರೆ ಎರಡು ವಾರ ಕಳೆದರೆ ಯಾರೂ ತೆರೆಯುವುದಿಲ್ಲ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಇಂಥ ಆ್ಯಪ್‌ಗಳಿಗೆ ಸ್ಕ್ರೀನ್ ಡಿಸೈನ್ ಮಾಡುತ್ತೇನೆ, ಮೆಸೇಜ್ ಬರೆಯುತ್ತೇನೆ. ನನ್ನ ಉತ್ತರ ಇಷ್ಟೇ: ಜನ ತಪ್ಪಿಸುವ ದಿನಕ್ಕಾಗಿ ಮೊದಲು ಡಿಸೈನ್ ಮಾಡಿ. ಹುಮ್ಮಸ್ಸು ಇರುವ ದಿನ ಆ್ಯಪ್ ಇಲ್ಲದಿದ್ದರೂ ಅವರು ನಡೆಯುತ್ತಾರೆ.

ಬಹಳಷ್ಟು ಆ್ಯಪ್‌ಗಳು ಸ್ಟ್ರೀಕ್ ನಂಬಿಕೊಂಡಿವೆ. ದಿನಾ ಮಾಡಿದರೆ ನಂಬರ್ ಏರುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಇದು ಆಗಿ ಬರುವುದಿಲ್ಲ. ಬೆಳಿಗ್ಗೆ ಆರಕ್ಕೆ ಮಳೆ ಧೋ ಅಂತ ಸುರಿಯುತ್ತಿರುತ್ತದೆ, ಫೋನ್ ಮಾತ್ರ ‘ವಾಕಿಂಗ್ ಹೊರಡಿ’ ಅನ್ನುತ್ತದೆ. ನಾಲ್ಕು ದಿನ ಹೀಗಾದರೆ ಯಾರಾದರೂ ನೋಟಿಫಿಕೇಶನ್ ಆಫ್ ಮಾಡುತ್ತಾರೆ, ಅಲ್ವಾ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕಾದೀತು ಅಂತ ಲೆಕ್ಕ ಸಿಕ್ಕಿತ್ತು. ಮುಖ್ಯ ವಿಷಯ ಏನೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. ಹಾಗಿರುವಾಗ ಸೊನ್ನೆ ತೋರಿಸಿ ಯಾಕೆ ಹೆದರಿಸಬೇಕು? ‘ನಿನ್ನೆ ಮಳೆ ಜೋರಿತ್ತು. ಇವತ್ತು ಊಟ ಆದ ಮೇಲೆ ಜಗಲಿಯಲ್ಲೇ ಹತ್ತು ನಿಮಿಷ ನಡೀತೀರಾ?’ ಅಂತ ಬರೆಯಿರಿ. ಊಟದ ನಂತರದ ಸಣ್ಣ ನಡಿಗೆ ಶುಗರ್ ಏರಿಕೆಯನ್ನು ತಗ್ಗಿಸುತ್ತದೆ, ಹಾಗಾಗಿ ಇದು ಸುಮ್ನೆ ಸಮಾಧಾನದ ಮಾತಲ್ಲ. ದಿನಕ್ಕೆ ಎಷ್ಟು ಜನ ತೆರೆದರು ಅಂತ ನೋಡುವುದಕ್ಕಿಂತ, ವಾರ ಬಿಟ್ಟವರಲ್ಲಿ ಎಷ್ಟು ಜನ ವಾಪಸ್ ಬಂದರು ಅಂತ ನೋಡಿ.

ಇನ್ನು ಊಟ ಬರೆಸುವ ಸ್ಕ್ರೀನ್. ಮಲ್ಪೆಯಲ್ಲಿ ಒಬ್ಬ ಅಕ್ಕ ಮಧ್ಯಾಹ್ನದ ಊಟ ಫೋನಿಗೆ ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ, ಬೂತಾಯಿ ಪುಳಿಮುಂಚಿ, ತೊಂಡೆಕಾಯಿ ಪಲ್ಯ. ಪಟ್ಟಿಯಲ್ಲಿ ಬಿಳಿ ಅನ್ನ ಇತ್ತು, ಜೀರಾ ರೈಸ್ ಇತ್ತು, ಕುಚ್ಚಲಕ್ಕಿ ಇರಲಿಲ್ಲ. ಬಿಳಿ ಅನ್ನ ಒತ್ತಿದರು. ‘ಎಷ್ಟು ಗ್ರಾಂ?’ ಅಂತ ಬಂತು. ಅವರು ಸೌಟನ್ನೊಮ್ಮೆ ನೋಡಿದರು, ಫೋನ್ ಕವುಚಿ ಇಟ್ಟು ಉಣ್ಣಲು ಕೂತರು.

ಗ್ರಾಂ ಬೇಡ, ಸೌಟಿನ ಲೆಕ್ಕ ಕೇಳಿ. ಎಲ್ಲವನ್ನೂ ಬರೆಸದಿದ್ದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಒಂದೇ ಪ್ರಶ್ನೆ ಸಾಕು. ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಬಿಪಿ ಇರುವವರಿಗೆ ಈ ಅಂಕಿ ಹೇಳಿ ಪ್ರಯೋಜನ ಇಲ್ಲ. ‘ಇವತ್ತು ಗಂಜಿಗೆ ಉಪ್ಪಿನಕಾಯಿಯಾ, ಒಣಮೀನಾ, ಪಲ್ಯವಾ?’ ಅಂತ ಕೇಳಿದರೆ ಒಂದೇ ಒತ್ತಿಗೆ ಉತ್ತರ ಬರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರಿಗೆ ಅದನ್ನೇ ದನಿಯಲ್ಲಿ ಕಳಿಸಿ.

ಫೀಚರ್ ಜಾಸ್ತಿ ಮಾಡಬೇಕು ಅಂತ ಅನ್ನಿಸಿದಾಗ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ 2013ರ ಅಧ್ಯಯನ ನೆನಪಿಸಿಕೊಳ್ಳಿ. ಡಯಾಬಿಟಿಸ್‌ನ ಅಂಚಿನಲ್ಲಿದ್ದ 537 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಊಟ, ವ್ಯಾಯಾಮದ ಬಗ್ಗೆ ಎಸ್ಸೆಮ್ಮೆಸ್ ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಅವರಲ್ಲಿ 18% ಜನರಿಗೆ ಕಾಯಿಲೆ ಬಂತು, ಎಸ್ಸೆಮ್ಮೆಸ್ ಇಲ್ಲದವರಲ್ಲಿ 27%. ಗ್ರಾಫ್ ಇಲ್ಲ, ಬ್ಯಾಡ್ಜ್ ಇಲ್ಲ, ಅವರವರ ಸ್ಥಿತಿಗೆ ಹೊಂದುವ ನಾಲ್ಕು ಸಾಲು ಅಷ್ಟೇ.

ತಪ್ಪಿಸಲೇಬೇಕಾದ ದಿನಗಳೂ ಇವೆ. ಇಲ್ಲಿ ಏಕಾದಶಿ ಮಾಡುವವರಿದ್ದಾರೆ, ರಂಜಾನ್ ಉಪವಾಸ ಹಿಡಿಯುವವರಿದ್ದಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಊಟ ಬಿಟ್ಟರೆ ಶುಗರ್ ತೀರಾ ಇಳಿಯಬಹುದು, ಅದರ ಮೇಲೆ ಬಿರುಸಾಗಿ ನಡೆದರೆ ಇನ್ನೂ ಅಪಾಯ. ಹಾಗಾಗಿ ಮೊದಲ ದಿನವೇ ಮದ್ದಿನ ಹೆಸರು, ಉಪವಾಸದ ದಿನ ಎರಡನ್ನೂ ಕೇಳಿಟ್ಟುಕೊಳ್ಳಿ. ಆ ದಿನ ವಾಕಿಂಗ್ ರಿಮೈಂಡರ್ ಹೋಗಬಾರದು. ಎರಡು ದಿನ ಮೊದಲೇ ‘ಡೋಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿದ್ರಾ?’ ಅನ್ನುವ ಮೆಸೇಜ್ ಹೋಗಬೇಕು.