ಎಂಟು ಗಂಟೆಯ ತಿಂಡಿ, ಹತ್ತೂವರೆಯ ಊಟ

"ಮೇಡಂ, ಬೆಳಿಗ್ಗೆ ತಿಂಡಿ ಬಿಟ್ರೆ ಸಣ್ಣ ಆಗ್ತೀವಾ, ದಪ್ಪ ಆಗ್ತೀವಾ?"

ತೂಕದ ಚಿಂತೆ ಹೊತ್ತು ನನ್ನ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ತುಮಕೂರಿನಲ್ಲಿ ಶುಗರ್, ಬಿಪಿ ನೋಡುವ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ಆಪ್ತಸಲಹೆಗೆ ಕೂರುತ್ತೇನೆ. ಪಥ್ಯ, ಮಾತ್ರೆ ಎಲ್ಲ ಅವರೇ ಹೇಳಿ ಕಳಿಸುತ್ತಾರೆ. "ಎಲ್ಲಾ ಗೊತ್ತು, ಆದ್ರೆ ಮಾಡೋಕಾಗ್ತಿಲ್ಲ" ಅನ್ನುವವರು ನನ್ನ ಬಳಿ ಬರುತ್ತಾರೆ. ಈ ತಿಂಡಿಯ ಪ್ರಶ್ನೆಗೆ ನಾನು ಬಹಳ ವರ್ಷ ಯೋಚಿಸದೆಯೇ ಉತ್ತರ ಕೊಟ್ಟಿದ್ದೆ: ತಿಂಡಿ ಬಿಡಬೇಡಿ, ಬಿಟ್ಟರೆ ಮಧ್ಯಾಹ್ನ ಎರಡರಷ್ಟು ತಿನ್ನುತ್ತೀರಿ. ಆ ಉತ್ತರ ಒಬ್ಬರ ವಿಷಯದಲ್ಲಿ ತಪ್ಪಾಯಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಸುಮಿತ್ರಾ ಅಂತ ಕರೆಯೋಣ. ನಲವತ್ತರ ಆಸುಪಾಸು. ಗಂಡ ಬೆಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಸುಮಿತ್ರಾ ಅವರ ಸೊಂಟದ ಸುತ್ತಳತೆ 94 ಸೆಂಟಿಮೀಟರ್ ಇತ್ತು. ನಮ್ಮ ದೇಶದ ಹೆಂಗಸರಿಗೆ 80 ದಾಟಿದರೇ ಎಚ್ಚರ ವಹಿಸಬೇಕು ಅನ್ನುತ್ತಾರೆ. ಶುಗರ್ ಇನ್ನೂ ಬಂದಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು. ಬೆಳಿಗ್ಗೆ ಕಾಫಿ ಬಿಟ್ಟು ಬೇರೇನೂ ತಿನ್ನುವುದಿಲ್ಲ ಅಂದರು. ನಾನು ನನ್ನ ಹಳೆಯ ಉತ್ತರ ಕೊಟ್ಟೆ. ಎಂಟು ಗಂಟೆಯೊಳಗೆ ತಿಂಡಿ ಆಗಲೇಬೇಕು ಅಂತ ಅವರ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಎರಡು ತಿಂಗಳು ಕಳೆದು ಬಂದಾಗ ತೂಕ 1.8 ಕಿಲೋ ಏರಿತ್ತು.

ಸೋಮಾರಿತನ ಮಾಡಿದ್ದಾರೆ ಅಂತ ಹೇಳುವ ಹಾಗೂ ಇರಲಿಲ್ಲ. ನೋಟ್‌ಬುಕ್ ತುಂಬ ದಿನಾಂಕ, ತಿಂಡಿ: ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ, ಅಕ್ಕಿ ರೊಟ್ಟಿ. ಒಂದು ದಿನವೂ ತಪ್ಪಿಸಿರಲಿಲ್ಲ. ನಾನು, "ತಿಂಡಿ ಶುರು ಮಾಡಿದ ಮೇಲೆ ಮಧ್ಯಾಹ್ನದ ಹಸಿವು ಕಡಿಮೆ ಆಯ್ತಾ?" ಅಂದೆ. ಸುಮಿತ್ರಾ ಸ್ವಲ್ಪ ಹೊತ್ತು ನೋಟ್‌ಬುಕ್ಕನ್ನೇ ನೋಡಿದರು.

"ಹಸಿವು ಅಂತ ಯಾವತ್ತೂ ತಿಂದಿಲ್ಲ ಮೇಡಂ. ನೀವು ಬರೆದು ಕೊಟ್ಟಿದ್ರಲ್ಲ, ಅದಕ್ಕೆ ತಿಂದೆ. ಬೆಳಿಗ್ಗೆ ನನಗೆ ಹೊಟ್ಟೆ ಭಾರ ಇರುತ್ತೆ. ಔಷಧಿ ತರ ನುಂಗ್ತಿದ್ದೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಎರಡು ತಿಂಗಳು ಒಬ್ಬ ಹೆಂಗಸು ಹಸಿವಿಲ್ಲದೆ ತಿಂದಿದ್ದಾರೆ, ಅದೂ ನನ್ನ ಮಾತಿಗೆ ಮರ್ಯಾದೆ ಕೊಟ್ಟು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ತಟ್ಟೆ ಉಪ್ಪಿಟ್ಟು ಅಂದರೆ ಸುಮಾರು 250 ಕ್ಯಾಲೊರಿ. ಅರವತ್ತು ದಿನಕ್ಕೆ 15,000. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಅಂತ ಹಿಡಿದರೆ ಎರಡು ಕಿಲೋ ಹತ್ತಿರ. ದೇಹ ಇಷ್ಟು ಕರಾರುವಾಕ್ಕಾಗಿ ಕೂಡಿ ಕಳೆಯುವುದಿಲ್ಲ ನಿಜ, ಆದರೆ ತಕ್ಕಡಿ ಹೇಳಿದ್ದಕ್ಕೂ ಇದಕ್ಕೂ ದೂರವಿರಲಿಲ್ಲ. ನಾನು ಒಂದು ಹೊತ್ತಿನ ಆಹಾರ ಸೇರಿಸಿದ್ದೆ. ಬೇರೆ ಯಾವ ಹೊತ್ತಿನದೂ ತಾನಾಗಿ ಕಡಿಮೆಯಾಗಿರಲಿಲ್ಲ.

ಅವತ್ತು ಅವರನ್ನು ಬೇಗ ಕಳಿಸಲಿಲ್ಲ. "ಹೊಟ್ಟೆ ಭಾರ ಅಂದ್ರಲ್ಲ, ರಾತ್ರಿ ಊಟ ಎಷ್ಟೊತ್ತಿಗೆ?" ಅಂತ ಕೇಳಿದೆ. ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಕಿತ್ತು. ನಾನು ಬಳಸುತ್ತಿದ್ದ ಹಾಳೆಯಲ್ಲಿ ಏನು ತಿಂದಿರಿ, ಎಷ್ಟು ತಿಂದಿರಿ ಅಂತ ಬರೆಯುವ ಜಾಗವಿತ್ತು. ಎಷ್ಟು ಗಂಟೆಗೆ, ಯಾರ ಜೊತೆ ಅನ್ನುವುದಕ್ಕೆ ಇರಲಿಲ್ಲ.

"ಹತ್ತೂವರೆ. ಟ್ರೇನು ಲೇಟಾದ್ರೆ ಹನ್ನೊಂದು."

"ನೀವೊಬ್ಬರೇ ಕಾಯೋದಾ?"

"ಮಕ್ಕಳು, ಅತ್ತೆ ಏಳೂವರೆಗೆ ಉಂಡು ಮಲಗ್ತಾರೆ. ಅತ್ತೆಗೆ ಶುಗರ್ ಮಾತ್ರೆ ಇದೆ, ಕಾಯೋ ಹಾಗಿಲ್ಲ. ನಾನು ಆರು ಗಂಟೆಗೆ ಟೀ ಜೊತೆ ನಿಪ್ಪಟ್ಟೋ ಮಂಡಕ್ಕಿನೋ ತಿಂದಿರ್ತೀನಿ. ಅಡುಗೆ ಮಾಡ್ತಾ ಒಂದೆರಡು ಬಾಯಿಗೆ ಹೋಗುತ್ತೆ. ಮಕ್ಕಳು ಬಿಟ್ಟಿದ್ದು ಚೆಲ್ಲೋಕಾಗಲ್ಲ. ಅದೆಲ್ಲ ಊಟ ಅಲ್ವಲ್ಲ ಮೇಡಂ. ಅವರು ಬಂದ ಮೇಲೆ ಇಬ್ಬರೂ ಕೂತು ಮುದ್ದೆ, ಅನ್ನ ಉಣ್ತೀವಿ. ಉಂಡು ಅರ್ಧ ಗಂಟೆಗೆ ಮಲಗೋದು."

ನನಗೆ ದಾರಿ ಸಿಕ್ಕಿಬಿಟ್ಟಿತು ಅನ್ನಿಸಿತು. ಅಷ್ಟೇ ಸಲೀಸಾಗಿ, "ನೀವೂ ಏಳೂವರೆಗೆ ಅತ್ತೆ, ಮಕ್ಕಳ ಜೊತೆ ಉಂಡುಬಿಡಿ" ಅಂದೆ.

ಸುಮಿತ್ರಾ ಕಣ್ಣಲ್ಲಿ ನೀರು ಬಂತು. ನಾನು ಅದನ್ನು ನಿರೀಕ್ಷಿಸಿರಲಿಲ್ಲ.

"ಅವರು ಬೆಳಿಗ್ಗೆ ಆರಕ್ಕೆ ಹೊರಟ್ರೆ ಮುಗೀತು. ಭಾನುವಾರ ಮನೆ ತುಂಬ ಜನ. ಆ ಅರ್ಧ ಗಂಟೆ ಬಿಟ್ರೆ ನಮ್ಮಿಬ್ಬರಿಗೆ ಇನ್ನೊಂದು ಹೊತ್ತಿಲ್ಲ ಮೇಡಂ."

ನಾನು ಸುಮ್ಮನಾದೆ. ಹದಿನೈದು ವರ್ಷದ ಸಂಸಾರದಲ್ಲಿ ಅವರಿಬ್ಬರ ಪಾಲಿಗೆ ಉಳಿದಿದ್ದ ಒಂದೇ ಹೊತ್ತು ಅದು. ಮನೆಯ ಸಾಲ, ಮಗಳ ಟ್ಯೂಷನ್ನು, ಅಂಗಡಿಯ ಯಜಮಾನರ ಸಿಡುಕು ಎಲ್ಲ ಆ ತಟ್ಟೆಗಳ ಮುಂದೆಯೇ ಮಾತಾಗುತ್ತಿತ್ತು. ಅದನ್ನು ಕ್ಯಾಲೊರಿ ಲೆಕ್ಕದಲ್ಲಿ ಕತ್ತರಿಸಲು ಹೊರಟಿದ್ದೆ. ಎಷ್ಟೋ ಜನ ಸಲಹೆ ಕೇಳಿಕೊಂಡು ಹೋಗಿ ಮತ್ತೆ ಬರುವುದೇ ಇಲ್ಲವಲ್ಲ, ಅವರ ಮನೆಗಳಲ್ಲೂ ಇಂಥ ಒಂದು ಅರ್ಧ ಗಂಟೆ ಇತ್ತೇನೋ ಅಂತ ಅವತ್ತು ರಾತ್ರಿಯೆಲ್ಲ ಯೋಚಿಸಿದೆ.

ಕೊನೆಗೆ ಒಂದೇ ಕೇಳಿದೆ: "ಅವರಿಗೆ ಬೇಕಿರೋದು ನಿಮ್ಮ ಜೊತೆ ಕೂರೋದಾ, ನಿಮ್ಮ ಮುಂದೆ ತಟ್ಟೆ ಇರೋದಾ?"

"ಕೇಳಿಲ್ಲ."

"ಕೇಳ್ತೀರಾ?"

ಅವತ್ತು ಬೇರೇನೂ ಬರೆದು ಕೊಡಲಿಲ್ಲ. ತಿಂಡಿಯ ಕೆಳಗೆ ಎಳೆದಿದ್ದ ಗೆರೆಯ ಮೇಲೆ ಅಡ್ಡಗೆರೆ ಹಾಕಿ, "ಹಸಿವಾದರೆ ತಿನ್ನಿ, ಆಗದಿದ್ದರೆ ಬೇಡ" ಅಂತ ಬರೆದೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಇದು ಸರಿಬರಲಿಲ್ಲ. ತಿಂಡಿ ಬೇಡ ಅಂದರೆ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ ಅಂದರು. ಅವರ ಆತಂಕ ಅರ್ಥವಾಗುತ್ತದೆ, ಆದರೂ ನನ್ನ ಮಾತಿಗೆ ಆಧಾರವಿದೆ. ತೂಕ ಇಳಿಸಿ ಅದನ್ನು ಉಳಿಸಿಕೊಂಡವರ ದಾಖಲೆಯೊಂದು ಅಮೆರಿಕದಲ್ಲಿದೆ. ಅದರಲ್ಲಿ 78 ಶೇಕಡಾ ಜನ ದಿನಾ ತಿಂಡಿ ತಿನ್ನುವವರು ಅಂತ 2002ರಲ್ಲಿ ಪ್ರಕಟವಾಯಿತು. ತಿಂಡಿ ಬಿಡಬಾರದು ಅನ್ನುವ ನಮ್ಮ ಗಟ್ಟಿ ನಂಬಿಕೆಗೆ ಇಂಥವು ದೊಡ್ಡ ಬೇರು. ಆದರೆ ತಿಂಡಿ ತಪ್ಪಿಸದವರು ಸಾಮಾನ್ಯವಾಗಿ ನಿದ್ದೆ, ನಡಿಗೆ, ಕುಡಿತ ಎಲ್ಲದರಲ್ಲೂ ಶಿಸ್ತಿನವರು. ಅವರ ತೂಕ ನಿಂತಿದ್ದು ಇಡ್ಲಿಯಿಂದಲೇ ಅಂತ ಹೇಳುವುದು ಹೇಗೆ? ಅದಕ್ಕೆ ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ತಿನ್ನಲು, ಇನ್ನೊಂದಕ್ಕೆ ಬಿಡಲು ಹೇಳಿ ನೋಡಬೇಕು. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸುಮಾರು 300 ದಪ್ಪ ಮೈಯವರನ್ನು ಹೀಗೆ 16 ವಾರ ನೋಡಿದರು. ತಿಂದವರಿಗೂ ಬಿಟ್ಟವರಿಗೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 13 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ತಿಂಡಿ ತಿಂದ ಗುಂಪು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚೇ ತಿಂದಿತ್ತು. ಬಿಟ್ಟವರ ತೂಕ ಸರಾಸರಿ ಅರ್ಧ ಕಿಲೋಗಿಂತ ತುಸು ಕಡಿಮೆ ಅಂತರದಲ್ಲಿ ಕೆಳಗಿತ್ತು. ಆ ಪ್ರಯೋಗಗಳು ಚಿಕ್ಕವು, ಅಷ್ಟು ಗಟ್ಟಿಯವಲ್ಲ ಅಂತ ಅವರೇ ಹೇಳಿದ್ದಾರೆ. ಹಾಗಾಗಿ "ಬಿಟ್ಟರೆ ಸಣ್ಣ ಆಗ್ತೀರಿ" ಅಂತಲೂ ನಾನು ಹೇಳುವುದಿಲ್ಲ.

ಹಸಿವಿನ ಕತೆ ಬೇರೆ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 30 ಜನರಿಗೆ ಒಂದೇ ಪ್ರಮಾಣದ ಕ್ಯಾಲೊರಿ ಕೊಟ್ಟು, ನಾಲ್ಕು ವಾರ ಬೆಳಗಿನ ಪಾಲು ದೊಡ್ಡದು, ನಾಲ್ಕು ವಾರ ರಾತ್ರಿಯ ಪಾಲು ದೊಡ್ಡದು ಮಾಡಿ ನೋಡಿದರು. ಫಲಿತಾಂಶ 2022ರಲ್ಲಿ ಬಂತು. ತೂಕ ಎರಡರಲ್ಲೂ ಒಂದೇ ರೀತಿ ಇಳಿಯಿತು. ಬೆಳಗಿನ ಪಾಲು ದೊಡ್ಡದಿದ್ದಾಗ ಮಾತ್ರ ದಿನವಿಡೀ ಹಸಿವು ಕಡಿಮೆಯಿತ್ತು. ಸುಮಿತ್ರಾಗೆ ಆ ಅನುಕೂಲ ಯಾಕೆ ಸಿಗಲಿಲ್ಲ ಅಂದರೆ, ರಾತ್ರಿಯ ಪಾಲು ಇದ್ದ ಹಾಗೇ ಇತ್ತು, ಬೆಳಗಿನದು ಅದರ ಮೇಲೆ ಬಿತ್ತು. ಇನ್ನೊಂದು ಸಂಗತಿ ನಮ್ಮ ಅಜ್ಜಿಯರಿಗೂ ತಿಳಿದಿತ್ತು: ಹೊಟ್ಟೆಗೂ ಹೊತ್ತು ಗೊತ್ತಾಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಎಂಬ ಹಾರ್ಮೋನು ಹೊಟ್ಟೆಯಲ್ಲಿ ಹುಟ್ಟಿ ಹಸಿವು ಮೂಡಿಸುತ್ತದೆ. ನಾವು ದಿನಾ ಉಣ್ಣುವ ಹೊತ್ತು ಹತ್ತಿರ ಬಂದಂತೆ ಅದು ಮೇಲೇರುತ್ತದೆ. ಹತ್ತೂವರೆಗೆ ಉಣ್ಣುವ ಹೊಟ್ಟೆ ಬೆಳಿಗ್ಗೆ ಏಳಕ್ಕೆ ಕೇಳದಿದ್ದರೆ ಅದನ್ನು ಕಾಯಿಲೆ ಅನ್ನಬೇಕಿಲ್ಲ.

ಹದಿನೈದು ದಿನಕ್ಕೆ ಸುಮಿತ್ರಾ ಬಂದರು. ಗಂಡನನ್ನು ಕೇಳಿದ್ದರು. "ಟ್ರೇನು ಲೇಟಾದ ದಿನಾನೂ ಹಸ್ಕೊಂಡೇ ಕೂತಿದ್ಯಾ? ನಾನು ಏನೋ ಸ್ವಲ್ಪ ಉಂಡಿರ್ತೀಯ, ನನ್ನ ಜೊತೆ ಮತ್ತೆ ಕೂರ್ತೀಯ ಅಂದ್ಕೊಂಡಿದ್ದೆ" ಅಂದರಂತೆ. ಒಬ್ಬರ ಮನಸ್ಸನ್ನು ಇನ್ನೊಬ್ಬರು ಊಹಿಸಿಕೊಂಡೇ ವರ್ಷಗಳು ಕಳೆದಿದ್ದವು.

ಆಮೇಲೆ ಕೊಟ್ಟ ಸಲಹೆ ಸರಳ. ಏಳೂವರೆಗೆ ಮನೆಯವರ ಜೊತೆ ಮುದ್ದೆ, ಕಾಳಿನ ಸಾರು. ಮಕ್ಕಳ ತಟ್ಟೆಯಲ್ಲಿ ಉಳಿದದ್ದಕ್ಕೂ ನೋಟ್‌ಬುಕ್ಕಿನಲ್ಲಿ ಜಾಗ. ಯಜಮಾನರು ಬಂದಾಗ ಎದುರು ಕೂರುವುದು, ಕೈಯಲ್ಲಿ ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಹಸಿವಿಗೆ ಕಾಯುವುದು. ಅದು ಬಂದಾಗ ಬರೀ ಇಡ್ಲಿ ಬೇಡ, ಎರಡು ಇಡ್ಲಿಯಲ್ಲಿ ಸಿಗುವ ಪ್ರೋಟೀನು ನಾಲ್ಕೈದು ಗ್ರಾಂ ಮಾತ್ರ, ಜೊತೆಗೊಂದು ಮೊಟ್ಟೆ ಇದ್ದರೆ ಇನ್ನೊಂದು ಆರು ಗ್ರಾಂ. ಮೊಟ್ಟೆ ತಿನ್ನದ ವಾರಗಳಲ್ಲಿ ಹೆಸರುಕಾಳಿನ ದೋಸೆ. ಸಂಜೆಯ ನಿಪ್ಪಟ್ಟಿನ ಡಬ್ಬಿ ಬಗ್ಗೆ ನಾನು ಏನೂ ಹೇಳಲಿಲ್ಲ. ಒಮ್ಮೆಗೇ ಎಲ್ಲವನ್ನೂ ಕಿತ್ತುಕೊಳ್ಳಬಾರದು ಅನ್ನುವುದು ನನ್ನ ನಂಬಿಕೆ.

ಅತ್ತೆ ಒಪ್ಪಲಿಲ್ಲ. "ದುಡಿದು ಬರೋ ಗಂಡಸು ಬರೋಕ್ಮುಂಚೆ ಉಣ್ಣೋದಾ?" ಅಂದರು. ಅವರನ್ನು ತಪ್ಪಿತಸ್ಥೆ ಮಾಡುವುದು ನನಗೆ ಇಷ್ಟವಿರಲಿಲ್ಲ. ಅವರೂ ಸೊಸೆಯಾಗಿದ್ದಾಗ ಹಾಗೇ ಕಾದವರು. ಮಗನೇ ಹೇಳಿದ ಮೇಲೆ ಸುಮ್ಮನಾದರು.

ಆದರೆ ಆ ಮನೆಯಲ್ಲಿ ಇನ್ನೊಂದು ನಡೆಯಿತು, ಅದನ್ನು ಬರೆಯದಿದ್ದರೆ ಈ ಬರಹ ಅಪಾಯ. ಸೊಸೆಗೆ ತಿಂಡಿ ಕಡ್ಡಾಯವಲ್ಲ ಅಂದದ್ದು ಅತ್ತೆಯ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ಅವರೂ ತಿಂಡಿ ಬಿಟ್ಟರು, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ನುಂಗಿದರು. ಹತ್ತೂವರೆ ಹೊತ್ತಿಗೆ ಮೈ ನಡುಗಿ, ಬೆವತು, ಮಾತು ತೊದಲಿತು. ಸುಮಿತ್ರಾ ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಆ ಗುಂಪಿನ ಮಾತ್ರೆಗಳು ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ, ದೇಹದಿಂದ ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ, ಶುಗರ್ ತೀರಾ ಇಳಿದುಬಿಡುತ್ತದೆ. ಇಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಬೆಳೆಯುವ ಮಕ್ಕಳು, ಹಿಂದೆ ಹಟಕ್ಕೆ ಊಟ ಬಿಟ್ಟು ಸೊರಗಿದವರು ಸುಮಿತ್ರಾಗೆ ಹೇಳಿದ ಮಾತನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಒಂದೇ ಅಡುಗೆಮನೆ, ಎರಡು ದೇಹ. ಈಗ ನಾನು ಯಾರಿಗೇ ತಿಂಡಿಯ ವಿಷಯ ಹೇಳುವಾಗಲೂ ಮನೆಯಲ್ಲಿ ಇನ್ಯಾರಿಗೆ ಶುಗರ್ ಮಾತ್ರೆ ಇದೆ ಅಂತ ಮೊದಲು ಕೇಳುತ್ತೇನೆ.

ಐದು ತಿಂಗಳಿಗೆ ಸುಮಿತ್ರಾ ತೂಕ ಮೂರು ಕಿಲೋ ಇಳಿಯಿತು, ಸೊಂಟ 90ಕ್ಕೆ ಬಂತು. ದೊಡ್ಡ ಬದಲಾವಣೆ ಅಂತ ಹೇಳಲಾರೆ. ಮೂರನೇ ತಿಂಗಳಲ್ಲಿ ಒಂದು ದಿನ ಕ್ಲಿನಿಕ್ಕಿಗೆ ಫೋನ್ ಮಾಡಿ, "ಮೇಡಂ, ಎಂಟು ಗಂಟೆಗೇ ಹಸಿವಾಗ್ತಿದೆ, ಏನ್ ಮಾಡ್ಲಿ?" ಅಂತ ಗಾಬರಿಯಿಂದ ಕೇಳಿದ್ದರು. "ತಿನ್ನಿ" ಅಂದೆ.

ಕಳೆದ ಸಲ ಬಂದಾಗ ನೋಟ್‌ಬುಕ್ ತಿರುವುತ್ತಾ ತಡವರಿಸಿದರು. ಮಜ್ಜಿಗೆ ಕುಡಿಯುತ್ತಾ ಕೂತಾಗ ಕೆಲವು ದಿನ ಯಜಮಾನರು ತಮ್ಮ ತಟ್ಟೆಯಿಂದ ಒಂದು ತುತ್ತು ಎತ್ತಿ ಕೊಡುತ್ತಾರಂತೆ. "ಅದನ್ನೂ ಬರೀಬೇಕಾ ಮೇಡಂ?"

ಬೇಡ ಅಂದೆ.